ಕಾಲೇಜು ಸಾಕರ್‌ಗೆ ಬೇಕಿರುವುದು ಬೇರೆ ಋತು

ಕೇಳುಗರೆಲ್ಲರಿಗೂ ನಮಸ್ಕಾರ.

2014ರ ಆಗಸ್ಟ್ 2ರಂದು ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಎಂಬ ಊರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ರಿಯಲ್ ಮ್ಯಾಡ್ರಿಡ್ ತಂಡಗಳು ಒಂದು ಪಂದ್ಯ ಆಡಿದವು. ಯಾವ ದೊಡ್ಡ ಕಪ್ಪೂ ಪಣಕ್ಕಿರಲಿಲ್ಲ, ಬೇಸಿಗೆಯ ಪ್ರವಾಸದ ಪಂದ್ಯ ಅಷ್ಟೆ. ನೋಡಲು ಬಂದವರು 1,09,318 ಮಂದಿ. ಅಮೆರಿಕದಲ್ಲಿ ಅದುವರೆಗೆ ಯಾವ ಸಾಕರ್ ಪಂದ್ಯಕ್ಕೂ ಅಷ್ಟು ಜನ ಸೇರಿರಲಿಲ್ಲ. ಆ ಕ್ರೀಡಾಂಗಣ ಯಾವ ಕ್ಲಬ್ಬಿನದೂ ಅಲ್ಲ, ಮಿಷಿಗನ್ ವಿಶ್ವವಿದ್ಯಾಲಯದ್ದು. ಆದರೆ ಅದೇ ವಿಶ್ವವಿದ್ಯಾಲಯದ ಸಾಕರ್ ತಂಡಗಳು ಆಡುವುದು ಅಲ್ಲಲ್ಲ. ಅವರಿಗೆ ಬೇರೊಂದು ಮೈದಾನವಿದೆ, ಅದರಲ್ಲಿ ಸುಮಾರು 2,200 ಜನ ಕೂರಬಹುದು.

ಊರು ಒಂದೇ, ವಿಶ್ವವಿದ್ಯಾಲಯ ಒಂದೇ, ಆಟವೂ ಒಂದೇ. ಇಷ್ಟು ದೊಡ್ಡ ಅಂತರ ಏಕೆ ಬಂತು, ಅದು ಎಂದಾದರೂ ಕಡಿಮೆಯಾದೀತೇ ಎನ್ನುವುದೇ ಇವತ್ತಿನ ಮಾತಿನ ವಿಷಯ. ಗೊಂದಲವಾಗದಿರಲೆಂದು ಒಂದು ಮಾತು: ನಾವು ಫುಟ್‌ಬಾಲ್ ಎನ್ನುವ ಆಟವನ್ನು ಅಲ್ಲಿಯವರ ಹಾಗೆ ಸಾಕರ್ ಎಂದೇ ಕರೆಯುತ್ತೇನೆ. ಅಂಡಾಕಾರದ ಚೆಂಡು ಹಿಡಿದು ಓಡುವ ಅವರ ಆಟ ಅಮೆರಿಕನ್ ಫುಟ್‌ಬಾಲ್. ಮುಂದೆ ಬರಿದೇ ಫುಟ್‌ಬಾಲ್ ಎಂದರೂ ಅದೇ ಆಟ.

ನಮ್ಮ ಕಾಲೇಜುಗಳಲ್ಲಿ ಓದಿದವರಿಗೆ ಈ ಪ್ರಶ್ನೆಯೇ ವಿಚಿತ್ರ ಅನ್ನಿಸಬಹುದು. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಅಂತರ ಕಾಲೇಜು ಪಂದ್ಯ ನಡೆದರೆ ನೋಡುವವರು ಸಹಪಾಠಿಗಳು, ದೈಹಿಕ ಶಿಕ್ಷಣದ ಮೇಷ್ಟ್ರು, ಹೆಚ್ಚೆಂದರೆ ಆಟಗಾರರ ಮನೆಯವರು. ಟಿಕೆಟ್ ಮಾರುವ ಯೋಚನೆ ಯಾರಿಗೂ ಬರುವುದಿಲ್ಲ. ಅಮೆರಿಕದಲ್ಲಿ ಕಾಲೇಜು ಆಟವೆಂದರೆ ಭಾರೀ ವ್ಯವಹಾರ. ಬಿಗ್ ಟೆನ್ ಎಂಬ ಒಂದೇ ಒಂದು ವಿಶ್ವವಿದ್ಯಾಲಯಗಳ ಕೂಟ 2022ರಲ್ಲಿ ಮೂರು ಟಿವಿ ಸಂಸ್ಥೆಗಳ ಜೊತೆ ಏಳು ವರ್ಷಕ್ಕೆ ಮಾಡಿಕೊಂಡ ಒಪ್ಪಂದದ ಮೊತ್ತ 700 ಕೋಟಿ ಡಾಲರ್‌ಗೂ ಹೆಚ್ಚು. ಪುರುಷರ ಬಾಸ್ಕೆಟ್‌ಬಾಲ್‌ನ ಮಾರ್ಚ್ ತಿಂಗಳ ಪಂದ್ಯಾವಳಿಯಿಂದ ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆಗೆ ವರ್ಷಕ್ಕೆ 100 ಕೋಟಿ ಡಾಲರ್‌ಗೂ ಹೆಚ್ಚು ಬರುತ್ತದೆ. ದುಡ್ಡು ತರುವ ಆಟಗಳು ಎಂದರೆ ಅಮೆರಿಕನ್ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಈ ಎರಡೇ. ಈಜು, ಕುಸ್ತಿ, ಟೆನಿಸ್, ಓಟ, ಸಾಕರ್ ಎಲ್ಲವೂ ಬಹುಪಾಲು ಇವು ತಂದ ದುಡ್ಡಿನಲ್ಲೇ ನಡೆಯುತ್ತವೆ.

ಸಾಕರ್ ಈ ಸಾಲಿಗೆ ಮೂರನೆಯದಾಗಿ ಸೇರೀತು ಎಂಬ ಆಸೆ ಇಂದಿನದಲ್ಲ. 1994ರಲ್ಲಿ ಅಮೆರಿಕದಲ್ಲಿ ವಿಶ್ವಕಪ್ ನಡೆದಾಗ 35 ಲಕ್ಷಕ್ಕೂ ಹೆಚ್ಚು ಜನ ಮೈದಾನಕ್ಕೆ ಬಂದಿದ್ದರು. ಆಗಲೂ ಇದೇ ಮಾತು ಕೇಳಿಬಂತು. ಎರಡು ವರ್ಷದ ಮೇಲೆ ವೃತ್ತಿಪರ ಲೀಗ್ ಶುರುವಾಯಿತು, ಬೆಳೆಯಿತು. 2023ರಲ್ಲಿ ಮೆಸ್ಸಿ ಮಯಾಮಿಗೆ ಬಂದರು. 2026ರ ವಿಶ್ವಕಪ್‌ನ 104 ಪಂದ್ಯಗಳಲ್ಲಿ ಹೆಚ್ಚಿನವು ಅಮೆರಿಕದ ಪಾಲಿಗೇ ಬಂದವು. ಇಷ್ಟೆಲ್ಲ ಆದರೂ ಕಾಲೇಜು ಸಾಕರ್ ಮಾತ್ರ ಇದ್ದಲ್ಲೇ ಇದೆ. ಜನರಿಗೆ ಆಟ ಇಷ್ಟವಿಲ್ಲ ಎಂದು ಇನ್ನು ಹೇಳುವ ಹಾಗಿಲ್ಲ.

ನನ್ನ ಮಟ್ಟಿಗೆ ಮೊದಲ ತೊಂದರೆ ಋತುವಿನದು. ಕಾಲೇಜು ಸಾಕರ್ ಆಗಸ್ಟ್ ಕೊನೆಗೆ ಶುರುವಾಗಿ ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ಅಮೆರಿಕನ್ ಫುಟ್‌ಬಾಲ್ ಋತುವೂ ಅದೇ. ಶನಿವಾರ ಬೆಳಗಾದರೆ ವಿಶ್ವವಿದ್ಯಾಲಯದ ಊರುಗಳಲ್ಲಿ ಹೋಟೆಲುಗಳು ತುಂಬಿರುತ್ತವೆ, ಕಾರು ನಿಲ್ಲಿಸುವ ಬಯಲುಗಳಲ್ಲಿ ಜನ ಒಲೆ ಹೂಡಿ ಮಾಂಸ ಸುಡುತ್ತಿರುತ್ತಾರೆ, ಮೂವತ್ತು ವರ್ಷದ ಹಿಂದೆ ಓದಿ ಹೋದವರೂ ಮಕ್ಕಳಿಗೆ ಕಾಲೇಜಿನ ಬಣ್ಣದ ಅಂಗಿ ತೊಡಿಸಿ ಕರೆತಂದಿರುತ್ತಾರೆ. ಅದರ ಹಿಂದಿನ ಸಂಜೆಯೋ ಮರುದಿನವೋ ಸಾಕರ್ ಪಂದ್ಯ. ತೇರಿನ ದಿನ ಪಕ್ಕದ ಬೀದಿಯಲ್ಲಿ ಬಯಲಾಟದ ರಂಗ ಕಟ್ಟಿದರೆ, ಮೇಳ ಎಷ್ಟೇ ಒಳ್ಳೆಯದಿರಲಿ, ನೋಡುವವರು ಯಾರು?

ಈ ಇಕ್ಕಟ್ಟು ಆಟವನ್ನೇ ಕೆಡಿಸಿದೆ. ಮೂರು ತಿಂಗಳಲ್ಲಿ ಎಲ್ಲ ಪಂದ್ಯಗಳನ್ನೂ ಮುಗಿಸಬೇಕು, ಹಾಗಾಗಿ ವಾರಕ್ಕೆ ಎರಡೆರಡು. ತೊಂಬತ್ತು ನಿಮಿಷ ಓಡಿದ ಕಾಲು ಎರಡೇ ದಿನಕ್ಕೆ ಮತ್ತೆ ಓಡಬೇಕು. ಅದಕ್ಕಾಗಿ ಬದಲಿ ಆಟಗಾರರ ನಿಯಮ ಸಡಿಲ. ಹೊರಗೆ ಹೋದವನು ಮತ್ತೆ ಒಳಗೆ ಬರಬಹುದು. ಗಡಿಯಾರವೂ ಬೇರೆ. ಬೇರೆಡೆ ಸೊನ್ನೆಯಿಂದ ಮೇಲಕ್ಕೆ ಏರುವ ಸಮಯ ಇಲ್ಲಿ 45ರಿಂದ ಕೆಳಕ್ಕೆ ಇಳಿಯುತ್ತದೆ. ಫಲಕದಲ್ಲಿ ಐದು, ನಾಲ್ಕು, ಮೂರು ಎಂದು ಎಣಿಕೆ ಮುಗಿಯುತ್ತಿದ್ದಂತೆ ಆಟ ಕತ್ತರಿಸಿದಂತೆ ನಿಲ್ಲುತ್ತದೆ. ವಿಶ್ವಕಪ್ ನೋಡಿ ಬೆಳೆದವರಿಗೆ ಇದು ತಮ್ಮ ಆಟ ಅನ್ನಿಸುವುದಿಲ್ಲ.

ಎರಡನೆಯ ತೊಂದರೆ ಇನ್ನೂ ಆಳದ್ದು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಾಲೇಜು ಎಂದರೆ ಜಗತ್ತಿನಲ್ಲೇ ಎರಡನೆಯ ಮೆಟ್ಟಿಲು. ಇವತ್ತು ಕಾಲೇಜಿನಲ್ಲಿ ನೋಡಿದ ಹುಡುಗನನ್ನು ಮುಂದಿನ ವರ್ಷ ವೃತ್ತಿಪರ ಲೀಗ್‌ನಲ್ಲಿ ನೋಡಬಹುದು. ಸಾಕರ್‌ನಲ್ಲಿ ಹಾಗಿಲ್ಲ. ಅಮೆರಿಕ ತಂಡದ ತಾರೆ ಕ್ರಿಶ್ಚಿಯನ್ ಪುಲಿಸಿಚ್ ಹದಿಹರೆಯದಲ್ಲೇ ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್ಬಿಗೆ ಹೋದರು, ಕಾಲೇಜು ತಂಡದ ಅಂಗಿ ತೊಡಲೇ ಇಲ್ಲ. ಫರ್ಮನ್ ವಿಶ್ವವಿದ್ಯಾಲಯದಲ್ಲಿ ಆಡಿದ ಕ್ಲಿಂಟ್ ಡೆಂಪ್ಸಿ, ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಲ್ಲಿ ಆಡಿದ ಟಿಮ್ ರೀಮ್ ಅಂಥವರು ಇದ್ದಾರೆ ನಿಜ. ಆದರೆ ಆ ದಾರಿ ಈಗ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ನೋಡುಗರ ಕಡೆಯಿಂದ ಹೇಳುವುದಾದರೆ, ಶನಿವಾರ ಬೆಳಗಿನ ಕಾಫಿಯ ಹೊತ್ತಿಗೇ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅವರ ಟಿವಿಯಲ್ಲಿ ಇರುತ್ತದೆ. ಅದರ ಪ್ರಸಾರದ ಹಕ್ಕಿಗೆ ಎನ್‌ಬಿಸಿ ಆರು ವರ್ಷಕ್ಕೆ ಕೊಟ್ಟದ್ದು ಸುಮಾರು 270 ಕೋಟಿ ಡಾಲರ್. ಅಂದರೆ ಸಾಕರ್‌ಗೆ ದುಡ್ಡು ಕೊಡುವವರು ಅಮೆರಿಕದಲ್ಲಿ ಇದ್ದಾರೆ. ಆ ದುಡ್ಡು ಲಿವರ್‌ಪೂಲ್‌ಗೆ, ಆರ್ಸೆನಲ್‌ಗೆ ಹೋಗುತ್ತಿದೆ.

ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ಟೆಕ್ಸಸ್‌ಗಳಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳಿಗೂ ಇದು ಗೊತ್ತು. ಮಗಳನ್ನೋ ಮಗನನ್ನೋ ಸಾಕರ್ ಕ್ಲಬ್ಬಿಗೆ ಸೇರಿಸಿ, ಶುಲ್ಕ ಕಟ್ಟಿ, ಶನಿವಾರ ಭಾನುವಾರವೆಲ್ಲ ಕಾರು ಓಡಿಸುವ ತಂದೆತಾಯಂದಿರು ಅವರು. ಆ ಎಲ್ಲ ಓಡಾಟದ ಕೊನೆಯಲ್ಲಿ ಕಾಲೇಜಿನ ವಿದ್ಯಾರ್ಥಿವೇತನ ಸಿಕ್ಕೀತೆಂಬ ಆಸೆ. ಬಹಳ ಕಾಲ ಎನ್‌ಸಿಎಎಯ ಮೇಲಿನ ಶ್ರೇಣಿಯಲ್ಲೂ ಪುರುಷರ ಒಂದು ಸಾಕರ್ ತಂಡಕ್ಕೆ ಗರಿಷ್ಠ 9.9 ಪೂರ್ಣ ವಿದ್ಯಾರ್ಥಿವೇತನಗಳಷ್ಟು ದುಡ್ಡು ಮಾತ್ರ ಇತ್ತು. ಇಪ್ಪತ್ತೈದಕ್ಕೂ ಹೆಚ್ಚು ಹುಡುಗರು ಅದನ್ನೇ ಹಂಚಿಕೊಳ್ಳಬೇಕು. ಸಾಕರ್‌ಗೆ ದುಡ್ಡು ಸುರಿಯುವ ಇಂಥ ಸಾವಿರಾರು ಕುಟುಂಬಗಳಲ್ಲಿ ಹತ್ತಿರದ ಕಾಲೇಜಿನ ಪಂದ್ಯಕ್ಕೆ ಟಿಕೆಟ್ ಕೊಳ್ಳುವ ಅಭ್ಯಾಸ ಬೆಳೆದೇ ಇಲ್ಲ.

ಟಿವಿಯ ವಿಷಯ ಎಲ್ಲರಿಗೂ ಗೊತ್ತಿರುವುದೇ. 45 ನಿಮಿಷ ನಿಲ್ಲದೆ ನಡೆಯುವ ಆಟದಲ್ಲಿ ಜಾಹೀರಾತಿಗೆ ಜಾಗ ಕಡಿಮೆ.

ಹಾಗಾದರೆ ಕಾಲೇಜು ಸಾಕರ್‌ಗೆ ಜನ ಸೇರಿದ್ದೇ ಇಲ್ಲವೇ? ಸೇರಿದ್ದಾರೆ, ಅಂಥ ಕಡೆಗಳನ್ನು ಗಮನಿಸಬೇಕು. ಸೇಂಟ್ ಲೂಯಿಸ್ ನಗರದಲ್ಲಿ ಚರ್ಚುಗಳ ಸುತ್ತ ಹುಟ್ಟಿದ ಹುಡುಗರ ಸಾಕರ್ ಪಂದ್ಯಗಳು ತಲೆಮಾರುಗಳಿಂದ ನಡೆಯುತ್ತಿದ್ದವು. ಆ ಬೀದಿಗಳ ಹುಡುಗರನ್ನೇ ಕಟ್ಟಿಕೊಂಡು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ 1959ರಿಂದ 1973ರೊಳಗೆ ಹತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು. 1980ರಲ್ಲಿ ನೆರೆಯ ಎಡ್ವರ್ಡ್ಸ್‌ವಿಲ್ ತಂಡದ ಜೊತೆ, ಕಂಚಿನ ಬೂಟು ಎಂಬ ಪಾರಿತೋಷಕಕ್ಕಾಗಿ ನಡೆದ ಪಂದ್ಯಕ್ಕೆ 22,512 ಜನ ಬಂದರು. ಟಿವಿಯೂ ಇಲ್ಲ, ತಾರೆಗಳೂ ಇಲ್ಲ. ಆಡುವವನು ನಮ್ಮ ಬೀದಿಯವನು, ಎದುರಾಳಿ ನದಿಯಾಚೆಯವನು ಎನ್ನುವುದೇ ಸಾಕಾಯಿತು.

ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಇಂದಿಗೂ ಇಂಥದ್ದನ್ನು ನೋಡಬಹುದು. ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಅಮೆರಿಕನ್ ಫುಟ್‌ಬಾಲ್ ತಂಡವೇ ಇಲ್ಲ, ಹಾಗಾಗಿ ದೊಡ್ಡ ಕ್ರೀಡಾಂಗಣ ಸಾಕರ್‌ನ ಪಾಲಾಗಿದೆ. ಕರಾವಳಿಯ ಇನ್ನೊಂದು ಕಾಲೇಜು ಕ್ಯಾಲ್ ಪಾಲಿ ಆಡಲು ಬಂದರೆ ಹತ್ತು ಸಾವಿರ ದಾಟಿ ಜನ ಸೇರಿದ್ದುಂಟು. ಗೋಲು ಬಿದ್ದೊಡನೆ ವಿದ್ಯಾರ್ಥಿಗಳು ಟಾರ್ಟಿಯಾ ಎಂಬ ಮೆಕ್ಸಿಕೋದ ರೊಟ್ಟಿಗಳನ್ನು ತಟ್ಟೆಯ ಹಾಗೆ ತಿರುಗಿಸಿ ಮೈದಾನಕ್ಕೆ ಎಸೆಯುತ್ತಾರೆ. ರೊಟ್ಟಿಗಳು ದೀಪದ ಬೆಳಕಿನಲ್ಲಿ ತೇಲಿ ಬಂದು ಹುಲ್ಲಿನ ಮೇಲೆ ಬೀಳುತ್ತವೆ, ಅವನ್ನು ಹೆಕ್ಕಿದ ಮೇಲೆಯೇ ಆಟ ಮುಂದುವರಿಯುವುದು. ಇದರಿಂದ ನನಗೆ ಸ್ಪಷ್ಟವಾಗುವುದು ಇಷ್ಟು: ಅಮೆರಿಕನ್ ಫುಟ್‌ಬಾಲ್ ಅಡ್ಡ ಬರದ ಕಡೆ ಕಾಲೇಜು ಸಾಕರ್‌ಗೆ ಜನ ಬರುತ್ತಾರೆ.

ಆದರೆ ಪುರುಷರ ಸಾಕರ್ ಬಗ್ಗೆ ನನಗೆ ದೊಡ್ಡ ಭರವಸೆಯಿಲ್ಲ. ಅಮೆರಿಕನ್ ಫುಟ್‌ಬಾಲ್‌ಗೆ ಹೆಸರಾದ ದಕ್ಷಿಣದ ಎಸ್‌ಇಸಿ ಕೂಟದಲ್ಲಿ ಪುರುಷರ ಸಾಕರ್ ಸ್ಪರ್ಧೆಯೇ ಇಲ್ಲ. ಕೆಂಟಕಿ, ಸೌತ್ ಕ್ಯಾರೊಲಿನಾ ಎರಡೇ ತಂಡಗಳು, ಅವೂ ಬೇರೆ ಕೂಟದಲ್ಲಿ ಆಡುತ್ತವೆ. ಇದರ ಹಿಂದೆ 1972ರ ಟೈಟಲ್ ನೈನ್ ಕಾನೂನಿದೆ. ಗಂಡು ಹೆಣ್ಣು ಮಕ್ಕಳಿಗೆ ಸಮಾನ ಅವಕಾಶ ಕೊಡಬೇಕೆಂದು ಅದು ಹೇಳುತ್ತದೆ. ಫುಟ್‌ಬಾಲ್‌ನಲ್ಲೇ ಎಂಬತ್ತು ತೊಂಬತ್ತು ಹುಡುಗರಿದ್ದ ವಿಶ್ವವಿದ್ಯಾಲಯಗಳು ಲೆಕ್ಕ ಸರಿದೂಗಿಸಲು ಹುಡುಗಿಯರ ಸಾಕರ್ ತಂಡ ಕಟ್ಟಿದವು, ಹುಡುಗರದನ್ನು ಕೈಬಿಟ್ಟವು. ಹೀಗಾಗಿ ಮೇಲಿನ ಶ್ರೇಣಿಯಲ್ಲಿ ಪುರುಷರ ತಂಡಗಳು ಸುಮಾರು 200 ಇದ್ದರೆ ಮಹಿಳೆಯರದು ಸುಮಾರು 350.

ಕಾನೂನು ಒತ್ತಾಯಿಸಿ ಹುಟ್ಟಿಸಿದ ಆ ಮಹಿಳಾ ತಂಡಗಳು ಮುಂದೆ ಮಾಡಿದ್ದೇನೆಂದು ನೋಡಿ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಕೋಚ್ ಆನ್ಸನ್ ಡೊರೆನ್ಸ್ ತಮ್ಮ ಕಾಲದಲ್ಲಿ 21 ಬಾರಿ ಎನ್‌ಸಿಎಎ ಕಿರೀಟ ಗೆದ್ದರು. 1991ರಲ್ಲಿ ಮೊದಲ ಮಹಿಳಾ ವಿಶ್ವಕಪ್ ಗೆದ್ದ ಅಮೆರಿಕ ತಂಡದ ಕೋಚ್ ಕೂಡ ಅವರೇ. ಹೆಸರಾಂತ ಆಟಗಾರ್ತಿ ಮಿಯಾ ಹ್ಯಾಮ್ ಈ ಡೊರೆನ್ಸ್ ಅವರ ಶಿಷ್ಯೆ. ಮೇಗನ್ ರಪಿನೊ ಪೋರ್ಟ್‌ಲ್ಯಾಂಡ್ ವಿಶ್ವವಿದ್ಯಾಲಯದಿಂದ, ಅಲೆಕ್ಸ್ ಮಾರ್ಗನ್ ಬರ್ಕ್ಲಿಯಿಂದ ಬಂದವರು. ಅಮೆರಿಕ ಗೆದ್ದ ನಾಲ್ಕು ಮಹಿಳಾ ವಿಶ್ವಕಪ್‌ಗಳ ಬಹುತೇಕ ಆಟಗಾರ್ತಿಯರು ಕಾಲೇಜು ಮೈದಾನದಲ್ಲೇ ತಯಾರಾದವರು. ಪುರುಷರಿಗೆ ಇಲ್ಲದ, ಅಮೆರಿಕನ್ ಫುಟ್‌ಬಾಲ್‌ಗೆ ಇರುವ ಅದೇ ಬಲ ಇಲ್ಲಿದೆ: ಕಾಲೇಜಿನಲ್ಲಿ ನೋಡಿದವಳನ್ನೇ ನಾಳೆ ಜಗತ್ತು ನೋಡುತ್ತದೆ.

ಮಹಿಳೆಯರ ಆಟಕ್ಕೆ ಜನ ಬರುವುದಿಲ್ಲ ಎಂಬ ಹಳೆಯ ಮಾತು ಈಗ ನಡೆಯುವುದಿಲ್ಲ. 2023ರ ಆಗಸ್ಟ್ 30ರಂದು ನೆಬ್ರಾಸ್ಕಾ ವಿಶ್ವವಿದ್ಯಾಲಯ ಮಹಿಳೆಯರ ವಾಲಿಬಾಲ್ ಪಂದ್ಯವನ್ನು ತನ್ನ ಫುಟ್‌ಬಾಲ್ ಕ್ರೀಡಾಂಗಣದಲ್ಲೇ ನಡೆಸಿತು, ಬಂದವರು 92,003. 2024ರಲ್ಲಿ ಮಹಿಳಾ ಬಾಸ್ಕೆಟ್‌ಬಾಲ್ ಫೈನಲ್ ಅನ್ನು ಸುಮಾರು 1.89 ಕೋಟಿ ಜನ ನೋಡಿದರು, ಪುರುಷರ ಫೈನಲ್‌ಗಿಂತ ಹೆಚ್ಚು. ಅಯೋವಾದ ಬಾಸ್ಕೆಟ್‌ಬಾಲ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ನಾಲ್ಕು ವರ್ಷ ಒಂದೇ ಕಾಲೇಜಿನಲ್ಲಿ ಆಡಿದ್ದರಿಂದ ಜನ ಆಕೆಯನ್ನು ವರ್ಷ ವರ್ಷವೂ ಬೆಳೆಯುತ್ತ ನೋಡಿದರು. ಸಾಕರ್ ಕಲಿಯಬೇಕಾದ ಪಾಠ ಇದು, ಆದರೆ ಹೊತ್ತು ಮೀರುತ್ತಿದೆ. ಸಾಕರ್ ಆಟಗಾರ್ತಿ ಟ್ರಿನಿಟಿ ರಾಡ್‌ಮನ್ ಕಾಲೇಜಿಗೆ ಒಂದೂ ಪಂದ್ಯ ಆಡದೆ ವೃತ್ತಿಪರ ಲೀಗ್‌ಗೆ ಹೋದರು, ಒಲಿವಿಯಾ ಮೌಲ್ಟ್ರಿ ಹದಿನೈದನೆಯ ವಯಸ್ಸಿನಲ್ಲೇ ಹೋದರು. ಕಾಲೇಜು ಹುಡುಗಿಯರನ್ನು ಆಯ್ದುಕೊಳ್ಳುವ ಡ್ರಾಫ್ಟ್ ಪದ್ಧತಿಯನ್ನೇ ಆ ಲೀಗ್ 2024ರಲ್ಲಿ ಕೈಬಿಟ್ಟಿತು.

ಇದರ ಜೊತೆಗೆ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ, ಹೌಸ್ ಎಂಬ ಮೊಕದ್ದಮೆಯ ರಾಜಿ ಒಪ್ಪಂದ ಬಂತು. ಆ ವರ್ಷದಿಂದ ಒಂದೊಂದು ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ನೇರವಾಗಿ ದುಡ್ಡು ಹಂಚಬಹುದು, ಮೊದಲ ವರ್ಷದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್ ಇತ್ತು. ಅದರಲ್ಲಿ ಸಿಂಹಪಾಲು ಅಮೆರಿಕನ್ ಫುಟ್‌ಬಾಲ್‌ಗೆ, ಮಿಕ್ಕದ್ದರಲ್ಲಿ ಬಹುಪಾಲು ಬಾಸ್ಕೆಟ್‌ಬಾಲ್‌ಗೆ. ವಿದ್ಯಾರ್ಥಿವೇತನದ ಹಳೆಯ ಮಿತಿ ಹೋಗಿ, ಒಪ್ಪಂದಕ್ಕೆ ಸೇರಿದ ವಿಶ್ವವಿದ್ಯಾಲಯಗಳಲ್ಲಿ ಒಂದು ಸಾಕರ್ ತಂಡದಲ್ಲಿ 28 ಜನ ಎಂಬ ಮಿತಿ ಬಂದಿದೆ. 28 ಮಂದಿಗೂ ಪೂರ್ತಿ ವಿದ್ಯಾರ್ಥಿವೇತನ ಕೊಡಬಹುದು. ಆದರೆ ಕೊಡಲು ದುಡ್ಡಿರಬೇಕು. ಇದುವರೆಗೆ ನಷ್ಟವನ್ನು ಸಹಿಸಿಕೊಂಡು ಬಂದ ವಿಶ್ವವಿದ್ಯಾಲಯಗಳು ಇನ್ನು ಪ್ರತಿಯೊಂದು ಆಟವನ್ನೂ ನೀನೇನು ತರುತ್ತೀಯ ಎಂದು ಕೇಳುತ್ತವೆ. ಫುಟ್‌ಬಾಲ್ ದುಡ್ಡಿಗಾಗಿ ಪಶ್ಚಿಮ ಕರಾವಳಿಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಪೂರ್ವ ಕರಾವಳಿಯ ಕೂಟಕ್ಕೆ ಸೇರಿದ್ದರಿಂದ, ಸಾಕರ್ ಆಡುವ ಹುಡುಗಿಯರು ತರಗತಿ ಬಿಟ್ಟು ದೇಶದ ಈ ತುದಿಯಿಂದ ಆ ತುದಿಗೆ ಹಾರುತ್ತಿದ್ದಾರೆ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಬೇರೆ ಆಟದ ಗಳಿಕೆಗಾಗಿ ಇವರ ನಿದ್ದೆ, ಓದು ಎರಡೂ ಹೋಗುತ್ತಿವೆ.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕೋಚ್ ಸಾಶೊ ಚಿರೊವ್‌ಸ್ಕಿ ಮತ್ತಿತರರು ವರ್ಷಗಳಿಂದ ಒಂದು ಬದಲಾವಣೆ ಕೇಳುತ್ತಿದ್ದಾರೆ. ಪಂದ್ಯಗಳನ್ನು ಶರತ್ಕಾಲ ಮತ್ತು ವಸಂತ ಎರಡಕ್ಕೂ ಹಂಚಿ, ಚಳಿಗಾಲದಲ್ಲಿ ಬಿಡುವು ಕೊಟ್ಟು, ಫೈನಲ್ ಅನ್ನು ವಸಂತದ ಕೊನೆಗೆ ಇಡಬೇಕು ಎಂಬುದು ಅದು. ಪುರುಷರ ಸಾಕರ್‌ಗಾಗಿ ಎದ್ದ ಬೇಡಿಕೆ ಇದು. ವಾರಕ್ಕೆ ಒಂದೇ ಪಂದ್ಯ, ಆಟಗಾರರಿಗೆ ವಿಶ್ರಾಂತಿ, ಫುಟ್‌ಬಾಲ್ ಮುಗಿದ ಮೇಲೆ ಖಾಲಿ ಬಿದ್ದ ಶನಿವಾರಗಳು. ಉತ್ತರದ ರಾಜ್ಯಗಳಲ್ಲಿ ಮಾರ್ಚ್‌ನಲ್ಲೂ ಹಿಮವಿರುತ್ತದೆ, ಖರ್ಚು ಹೆಚ್ಚುತ್ತದೆ ಎಂಬ ಆಕ್ಷೇಪಗಳಲ್ಲಿ ಹುರುಳಿಲ್ಲ ಎನ್ನಲಾರೆ. ಆದರೂ ಈ ಬದಲಾವಣೆ ಮಹಿಳೆಯರ ಸಾಕರ್‌ಗೇ ಹೆಚ್ಚು ಫಲ ಕೊಡುತ್ತದೆಂದು ನಾನು ನಂಬಿದ್ದೇನೆ. ಎಸ್‌ಇಸಿಯ ಹದಿನಾರೂ ವಿಶ್ವವಿದ್ಯಾಲಯಗಳಲ್ಲಿ ಮಹಿಳಾ ತಂಡಗಳಿವೆ, ಅವುಗಳ ಫುಟ್‌ಬಾಲ್ ಕ್ರೀಡಾಂಗಣಗಳಲ್ಲಿ ಏಪ್ರಿಲ್‌ನಲ್ಲಿ ಸ್ಪರ್ಧೆಗಳಿಲ್ಲ. ಅವುಗಳಲ್ಲಿ ಒಂದು ವಿಶ್ವವಿದ್ಯಾಲಯ, ಒಂದೇ ಒಂದು, ನೆಬ್ರಾಸ್ಕಾ ವಾಲಿಬಾಲ್‌ಗೆ ಮಾಡಿದ್ದನ್ನು ಮಾಡಲಿ: ಏಪ್ರಿಲ್‌ನ ಒಂದು ಸಂಜೆ ದೊಡ್ಡ ಕ್ರೀಡಾಂಗಣದಲ್ಲಿ ನೆರೆ ರಾಜ್ಯದ ಎದುರಾಳಿಯ ಜೊತೆ ಪಂದ್ಯ ಇಟ್ಟು, ಸುತ್ತಲಿನ ಸಾಕರ್ ಕ್ಲಬ್ಬುಗಳ ಮಕ್ಕಳನ್ನೆಲ್ಲ ಕರೆದು, ಟಿಕೆಟ್‌ಗೆ ಸರಿಯಾದ ಬೆಲೆ ಕಟ್ಟಲಿ. ಬಾಸ್ಕೆಟ್‌ಬಾಲ್‌ನಷ್ಟು ದುಡ್ಡು ಬಾರದು. ತನ್ನ ಖರ್ಚನ್ನು ತಾನೇ ತೂಗಿಸುವಷ್ಟು ಬಂದರೆ, ಮುಂದಿನ ವರ್ಷ ಬಜೆಟ್ ಕತ್ತರಿ ಹಿಡಿದವರು ಆ ತಂಡದ ಹತ್ತಿರ ಬರಲಾರರು.

ನಮಸ್ಕಾರ.