ಒತೊವಾದ ಕತ್ತಿವರಸೆಯ ಗರಡಿ

ಕೇಳುಗರಿಗೆ ನಮಸ್ಕಾರ.

ಟೋಕಿಯೊ ನಗರದ ಬುಂಕ್ಯೊ ವಾರ್ಡಿನಲ್ಲಿ ಒತೊವಾ ಎಂಬ ಬಡಾವಣೆಯಿದೆ. ಜಪಾನಿನ ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಒಂದಾದ ಕೊದಾನ್ಶಾ ಇರುವುದು ಅಲ್ಲಿಯೇ. ಆ ಸಂಸ್ಥೆಯ ಸ್ಥಾಪಕರಾದ ನೋಮಾ ಸೇಜಿಯವರು 1925ರಲ್ಲಿ ಒತೊವಾದಲ್ಲಿ ಒಂದು ಗರಡಿಯನ್ನು ಕಟ್ಟಿಸಿದರು. ಬಿದಿರಿನ ಕತ್ತಿ ಹಿಡಿದು ಕಲಿಯುವ ಕೆಂಡೊ ವಿದ್ಯೆಗೆ ಮೀಸಲಾದ ಆ ಗರಡಿಯೇ ನೋಮಾ ಡೋಜೊ. ಇಂದು ನಾನು ಮಾತನಾಡಲಿರುವುದು ಅದರ ಚರಿತ್ರೆಯನ್ನು ಕುರಿತು.

ಪುಸ್ತಕ ಮಾರುವವರಿಗೂ ಕತ್ತಿವರಸೆಗೂ ಏನು ನಂಟು ಎಂಬ ಪ್ರಶ್ನೆಗೆ ಉತ್ತರ ನೋಮಾ ಅವರ ಮನೆತನದಲ್ಲಿದೆ. ಅವರ ತಾಯಿಯ ತಂದೆ ಮೊರಿ ಯೋಜೊ ಹೊಕುಶಿನ್ ಇತ್ತೊ ಪಂಥದ ಹೆಸರಾಂತ ಖಡ್ಗಪಟುವಾಗಿದ್ದು, 1868ರ ಅಂತರ್ಯುದ್ಧದಲ್ಲಿ ಸೋಲುವ ಪಕ್ಷದ ಪರವಾಗಿ ಹೋರಾಡಿ ಮಡಿದವರು. ಸಮುರಾಯ್‌ಗಳ ಕಾಲ ಮುಗಿದ ಮೇಲೆ ಆ ವಿದ್ಯೆಯನ್ನು ನಂಬಿ ಬದುಕಿದ್ದವರಿಗೆ ಅನ್ನದ ದಾರಿಯೇ ಮುಚ್ಚಿತು. ಹಲವರು ಟಿಕೆಟ್ ಮಾರಿ ಕತ್ತಿವರಸೆಯ ಪ್ರದರ್ಶನಗಳನ್ನು ನೀಡುತ್ತ ಊರೂರು ಅಲೆದರು. 1878ರಲ್ಲಿ ಕಿರ್ಯೂ ಪಟ್ಟಣದಲ್ಲಿ ಹುಟ್ಟಿದ ಸೇಜಿಯವರು ಮೊದಲು ಶಾಲಾ ಶಿಕ್ಷಕರಾಗಿ, ಆಮೇಲೆ ಟೋಕಿಯೊ ವಿಶ್ವವಿದ್ಯಾನಿಲಯದ ಗುಮಾಸ್ತರಾಗಿ ದುಡಿದು, ಭಾಷಣಕಲೆಗೆ ಮೀಸಲಾದ ಪತ್ರಿಕೆಯೊಂದರಿಂದ ಪ್ರಕಾಶನಕ್ಕೆ ಕಾಲಿಟ್ಟರು. ತಮ್ಮ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ ಹದಿಹರೆಯದ ಹುಡುಗರು ಕೆಂಡೊ ಕಲಿಯಲೇಬೇಕು ಎಂಬುದು ಅವರ ನಿಯಮವಾಗಿತ್ತು. ಇದರಲ್ಲಿ ಹುಡುಗರ ಹಿತಚಿಂತನೆಯ ಜೊತೆಗೆ ಒಬ್ಬ ಮಾಲೀಕನ ಲೆಕ್ಕಾಚಾರವೂ ಇತ್ತೆಂದು ನನಗೆ ಅನ್ನಿಸುತ್ತದೆ.

ಗರಡಿಗೆ ಕೀರ್ತಿ ತಂದವರು ಎರಡನೆಯ ತಲೆಮಾರಿನವರು. ಸೇಜಿಯವರ ಒಬ್ಬನೇ ಮಗ ಹಿಸಾಶಿ ಮತ್ತು ಸೇಜಿಯವರ ತಂಗಿಯ ಮಗ ಮೊರಿ ತೊರಾವೊ ಒಂದೇ ಮನೆಯಲ್ಲಿ ಬೆಳೆದು, ಒಂದೇ ನೆಲದ ಮೇಲೆ ಕಲಿತವರು. ಯುವರಾಜನ ಜನನದ ಸಂಭ್ರಮಕ್ಕೆಂದು 1934ರ ಮೇ ತಿಂಗಳಲ್ಲಿ ಅರಮನೆಯ ಆವರಣದ ಸೈನೇಕಾನ್ ಎಂಬ ಗರಡಿಯಲ್ಲಿ, ಚಕ್ರವರ್ತಿಯ ಸಮ್ಮುಖದಲ್ಲಿ ಪಂದ್ಯಾವಳಿ ಏರ್ಪಟ್ಟಾಗ, ಟೋಕಿಯೊದ ಪ್ರತಿನಿಧಿಯಾಗಲು ಈ ಇಬ್ಬರೇ ಎದುರುಬದುರಾಗಿ ನಿಲ್ಲಬೇಕಾಯಿತು. ಗೆದ್ದವರು ಹಿಸಾಶಿ. ಉಂಡ ಮನೆಯ ಋಣಕ್ಕಾಗಿ ತೊರಾವೊ ಬೇಕೆಂದೇ ಸೋತರು ಎಂಬ ಮಾತು ಕೆಂಡೊ ಬಲ್ಲವರಲ್ಲಿ ಇಂದಿಗೂ ಹರಿದಾಡುತ್ತದೆ. ಅಂಥ ಮಾತಿಗೆ ಸಾಕ್ಷಿ ಕೇಳಿದರೆ ಯಾರೂ ಕೊಡಲಾರರು. ಅರಮನೆಯ ಅಂತಿಮ ಪಂದ್ಯದಲ್ಲಿ ಹಿಸಾಶಿಯ ಎದುರಾಳಿ ಕಗಾವಾ ಪ್ರಾಂತದ ಫುಜಿಮೊತೊ ಕವೊರು ಎರಡು ಕೈಯಲ್ಲಿ ಎರಡು ಕತ್ತಿ ಹಿಡಿಯುವ ಅಪರೂಪದ ಪಟ್ಟಿನವರು. ಒಂದು ಕತ್ತಿ ತಡೆಯುತ್ತಿರುವಾಗಲೇ ಇನ್ನೊಂದು ಎರಗಬಲ್ಲದಾದ್ದರಿಂದ, ಒಂಟಿಕತ್ತಿಯವರಿಗೆ ಅಂಥವರ ಅಂತರವನ್ನು ಅಳೆಯುವುದೇ ಕಷ್ಟ. ಹಿಸಾಶಿ ಅಲ್ಲಿಯೂ ಗೆದ್ದರು.

ಆದರೆ ಆ ಗೆಲುವಿನ ಸಂತೋಷ ಬಹಳ ಕಾಲ ಉಳಿಯಲಿಲ್ಲ. 1938ರ ಅಕ್ಟೋಬರ್‌ನಲ್ಲಿ ಸೇಜಿಯವರು ತೀರಿಕೊಂಡರು. ಸಂಸ್ಥೆಯ ಹೊಣೆ ಹೊತ್ತ ಹಿಸಾಶಿ ಮರುತಿಂಗಳೇ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಕಾಯಿಲೆಯಿಂದ ನಿಧನರಾದರು. ತೊರಾವೊ ಅದಕ್ಕೂ ಮೊದಲೇ ಅಮೆರಿಕ ಸೇರಿದ್ದರು. ಅಲ್ಲಿ ಪಾಶ್ಚಾತ್ಯ ಫೆನ್ಸಿಂಗ್ ಕಲಿತು ಅದರಲ್ಲೂ ಹೆಸರು ಮಾಡಿದ ಅವರು, ಲಾಸ್ ಏಂಜಲೀಸ್‌ನ ಸುತ್ತ ಕೆಂಡೊ ಬೆಳೆಸಿ 1969ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು.

ವಾರಸುದಾರರಿಬ್ಬರೂ ಇಲ್ಲದ ಗರಡಿ ಉಳಿದದ್ದು ಗುರುವಿನಿಂದ. 1929ರಲ್ಲಿ ಚಕ್ರವರ್ತಿಯ ಎದುರು ನಡೆದ ಪಂದ್ಯಾವಳಿಯಲ್ಲಿ ಗೆದ್ದಿದ್ದ ಮೊಚಿದಾ ಮೊರಿಜಿಯವರನ್ನು ಸೇಜಿಯವರು ಮರುವರ್ಷವೇ ಕೊರಿಯಾದಿಂದ ಕರೆಸಿಕೊಂಡಿದ್ದರು. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ, ದೇಶವನ್ನು ವಶಕ್ಕೆ ತೆಗೆದುಕೊಂಡಿದ್ದ ಮಿತ್ರರಾಷ್ಟ್ರಗಳ ಸೇನೆಯ ಆಡಳಿತ ಶಾಲೆಗಳಲ್ಲಿ ಕೆಂಡೊವನ್ನು ನಿಷೇಧಿಸಿತು. 1952ರಲ್ಲಿ ಅಖಿಲ ಜಪಾನ್ ಕೆಂಡೊ ಒಕ್ಕೂಟ ಸ್ಥಾಪನೆಯಾಗುವವರೆಗೆ ಆ ವಿದ್ಯೆಗೆ ಕಷ್ಟದ ದಿನಗಳೇ. 1957ರಲ್ಲಿ ಮೊಚಿದಾ ಅವರಿಗೆ ಹತ್ತನೆಯ ದಾನ್, ಅಂದರೆ ಕೆಂಡೊದ ಅತ್ಯುನ್ನತ ದರ್ಜೆ, ದೊರೆಯಿತು. ಆ ಒಕ್ಕೂಟದಿಂದ ಈ ಪದವಿ ಪಡೆದವರು ಐವರು ಮಾತ್ರ.

ನೋಮಾ ಡೋಜೊ ಹೆಸರುವಾಸಿಯಾದದ್ದು ಬೆಳಗಿನ ಅಭ್ಯಾಸಕ್ಕೆ. ಅದರ ಕ್ರಮ ಸರಳ. ಹಿರಿಯ ಗುರುಗಳು ಒಂದು ಬದಿಯಲ್ಲಿ ಸಾಲಾಗಿ ನಿಲ್ಲುತ್ತಾರೆ. ಉಳಿದವರು ಮುಖಕವಚ ಬಿಗಿದು, ತಮಗೆ ಬೇಕಾದ ಗುರುವಿನ ಮುಂದೆ ಸರದಿಯಲ್ಲಿ ಕಾಯುತ್ತಾರೆ. ಸರದಿ ಬಂದವರು ನಮಸ್ಕರಿಸಿ, ತಲೆ, ಮುಂಗೈ, ಪಕ್ಕೆ, ಗಂಟಲು ಎಂಬ ನಾಲ್ಕು ಗುರಿಗಳಲ್ಲಿ ಒಂದನ್ನು ಹುಡುಕುತ್ತ ಕೂಗು ಹಾಕಿ ನುಗ್ಗುತ್ತಾರೆ. ಬಲಗಾಲು ನೆಲಕ್ಕೆ ಅಪ್ಪಳಿಸುವ ಸದ್ದು ಹಲಗೆಯ ನೆಲದಲ್ಲಿ ಮೊಳಗುತ್ತದೆ. ಎಲ್ಲರದೂ ಬರಿಗಾಲೇ ಆದ್ದರಿಂದ ಒಳ್ಳೆಯ ನೆಲವೆಂದರೆ ಆ ಹೊಡೆತವನ್ನು ತುಸು ಬಾಗಿ ತಾಳಿಕೊಳ್ಳುವ ನೆಲ. ಪೊಲೀಸ್ ಬೋಧಕರು, ಕಚೇರಿ ನೌಕರರು, ವಿದೇಶದಿಂದ ಬಂದ ಅಭ್ಯಾಸಿಗಳು ಎಲ್ಲರೂ ಅದೇ ಸರದಿಯಲ್ಲಿ ನಿಂತವರು.

ಮೊಚಿದಾ ಅವರು ಬಿಟ್ಟುಹೋದ ಮಾತುಗಳ ತಾತ್ಪರ್ಯವನ್ನು ಹೇಳಬೇಕು. ಐವತ್ತರವರೆಗೆ ತಾವು ಮೂಲಪಾಠಗಳನ್ನು ಮೈಗೂಡಿಸಿಕೊಳ್ಳುವುದರಲ್ಲೇ ತೊಡಗಿದ್ದಾಗಿಯೂ, ಅರವತ್ತಾದಾಗ ಕಾಲು ಸೊಂಟಗಳು ಸೋತದ್ದರಿಂದ ಆ ಕೊರತೆಯನ್ನು ಮನಸ್ಸಿನಿಂದ ತುಂಬಲು ಯತ್ನಿಸಿದ್ದಾಗಿಯೂ, ಎಪ್ಪತ್ತರಲ್ಲಿ ಮೈಯೆಲ್ಲ ಸೋತಾಗ ಮನಸ್ಸನ್ನು ಕದಲದಂತೆ ಇರಿಸುವ ಅಭ್ಯಾಸ ಮಾಡಿದ್ದಾಗಿಯೂ ಅವರು ಹೇಳಿದ್ದರು. ಎಂಬತ್ತರಲ್ಲಿ ಮನಸ್ಸು ಕದಲದಂತಾದರೂ ಆಗಾಗ ಬೇಡದ ಯೋಚನೆ ನುಸುಳುತ್ತದೆ, ಈಗ ಅದನ್ನು ತಡೆಯುವುದನ್ನು ಕಲಿಯುತ್ತಿದ್ದೇನೆ ಎಂಬುದು ಅವರ ಕೊನೆಯ ವರದಿ. ಅವರು ತೀರಿಕೊಂಡದ್ದು 1974ರಲ್ಲಿ.

ಭೂಕಂಪ, ಬಾಂಬು ದಾಳಿಗಳಿಂದ ಹಳೆಯದೆಲ್ಲ ನಾಶವಾದ ಟೋಕಿಯೊದಲ್ಲಿ ಎಂಬತ್ತಕ್ಕೂ ಹೆಚ್ಚು ವರ್ಷ ನಿಂತಿದ್ದ ಆ ಮರದ ಕಟ್ಟಡವನ್ನು 2007ರಲ್ಲಿ ಕೆಡವಲಾಯಿತು. ಉಳಿಸಿಕೊಳ್ಳಿ ಎಂದು ಕೆಂಡೊ ಅಭ್ಯಾಸಿಗಳು ಮಾಡಿದ ಮನವಿ ಫಲಿಸಲಿಲ್ಲ. ಉಳಿಸಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಆದರೂ ಸಂಸ್ಥೆಯು ಗರಡಿಯನ್ನು ಕೈಬಿಡಲಿಲ್ಲ ಎಂಬುದನ್ನೂ ಒಪ್ಪಬೇಕು. ಹಳೆಯದರ ಒಳಾಂಗಣವನ್ನೇ ಮಾದರಿಯಾಗಿಟ್ಟುಕೊಂಡು ಒತೊವಾದ ಬಹುಮಹಡಿ ಕಟ್ಟಡವೊಂದರ ಮೇಲಂತಸ್ತಿನಲ್ಲಿ ಹೊಸ ಡೋಜೊ ಸಿದ್ಧವಾಯಿತು, ಬೆಳಗಿನ ಅಭ್ಯಾಸ ಅಲ್ಲಿಗೆ ಸ್ಥಳಾಂತರಗೊಂಡಿತು.

ನಮಸ್ಕಾರ.