ಕೊಲೆಗಾರ ಏಳನೇ ಪುಟದಲ್ಲಿದ್ದಾನೆ

ಕೇಳುಗರೆಲ್ಲರಿಗೂ ನಮಸ್ಕಾರ. ಕಣದಲ್ಲಿ ಕಾಫಿ ಹಣ್ಣು ಹರವುತ್ತಾ ರೇಡಿಯೊ ಹಾಕಿಕೊಂಡವರಿಗೆ ನಮಸ್ಕಾರ, ಒಗ್ಗರಣೆಯ ಸದ್ದಿನ ನಡುವೆ ಕಿವಿ ಕೊಟ್ಟವರಿಗೆ ನಮಸ್ಕಾರ. ಬೇಲೂರು ಬಸ್ಸಿನ ಚಾಲಕರು ರೇಡಿಯೊ ಆರಿಸದ ಕಾರಣ ನನ್ನ ಮಾತನ್ನು ಕೇಳಲೇಬೇಕಾಗಿ ಬಂದವರಿಗೂ ನಮಸ್ಕಾರ.

ಪತ್ತೇದಾರಿ ಕಾದಂಬರಿಗಳ ಬಗ್ಗೆ ಹದಿನೈದು ನಿಮಿಷ ಮಾತನಾಡಿ ಎಂದು ನಿಲಯದವರು ಕೇಳಿದ್ದಾರೆ. ನಾನು ಪ್ರಾಧ್ಯಾಪಕನಲ್ಲ, ವಿಮರ್ಶಕನೂ ಅಲ್ಲ. ಹಾಸನದ ಬಸ್ ನಿಲ್ದಾಣದ ಹತ್ತಿರ ಇಪ್ಪತ್ತೆಂಟು ವರ್ಷ ಬಾಡಿಗೆ ಪುಸ್ತಕದ ಅಂಗಡಿ ನಡೆಸಿದವನು. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೇ ನನ್ನ ಅಂಗಡಿಯ ಬಾಡಿಗೆ ಕಟ್ಟಿದವನು ಎಂದರೂ ತಪ್ಪಿಲ್ಲ. ಈ ಇಪ್ಪತ್ತೆಂಟು ವರ್ಷದಲ್ಲಿ ಪುಸ್ತಕ ಹಿಂತಿರುಗಿಸುವವರ ಬಾಯಿಂದ ನಾನು ಅತಿ ಹೆಚ್ಚು ಕೇಳಿದ ಮಾತು ಒಂದೇ: "ಎಲ್ಲ ಚೆನ್ನಾಗಿತ್ತು, ಕೊನೆ ಮಾತ್ರ ಕೆಟ್ಟಿತು."

ಅದಕ್ಕೆ ನನ್ನ ಉತ್ತರವೂ ಒಂದೇ. ಪತ್ತೇದಾರಿ ಕಾದಂಬರಿಯ ಕೊನೆ ಇರುವುದು ಕೊನೆಯ ಪುಟದಲ್ಲಿ ಅಲ್ಲ, ಮೊದಲ ಅಧ್ಯಾಯದಲ್ಲಿ. ಕೊನೆ ಚೆನ್ನಾಗಿಲ್ಲ ಎನ್ನುವ ಮೊದಲು ಮೊದಲ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಅರ್ಧ ಗಂಟೆಯ ಕೆಲಸ. ಅಷ್ಟು ಮಾಡದವರು ತೀರ್ಪು ಕೊಡಬಾರದು. ಸ್ವಲ್ಪ ಖಾರವಾಯಿತೇನೋ, ಇರಲಿ.

ಈಗ ಅಂಗಡಿ ಇಲ್ಲ. ಭಾನುವಾರ ಬೆಳಿಗ್ಗೆ ಮಹಾರಾಜ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಾವು ಏಳೆಂಟು ಜನ ಸೇರುತ್ತೇವೆ. ನಿವೃತ್ತ ಬ್ಯಾಂಕ್ ಉದ್ಯೋಗಿ ಒಬ್ಬರಿದ್ದಾರೆ, ಅವರನ್ನು ಎಲ್ಲರೂ ಅಕ್ಕ ಎನ್ನುತ್ತೇವೆ. ಎಂಜಿನಿಯರಿಂಗ್ ಓದುವ ಹುಡುಗಿ ಇದ್ದಾಳೆ. ಒಬ್ಬರು ಮೇಷ್ಟ್ರು. ಮೂರು ತಿಂಗಳಿಂದ ಅಗಾಥಾ ಕ್ರಿಸ್ಟಿಯವರನ್ನು ಹಿಡಿದುಕೊಂಡಿದ್ದೇವೆ. ಅರವತ್ತಾರು ಪತ್ತೇದಾರಿ ಕಾದಂಬರಿ ಬರೆದ ಮಹಾತಾಯಿ, ಆದ್ದರಿಂದ ನಮ್ಮ ಜಗಳಕ್ಕೆ ಸರಕಿನ ಕೊರತೆ ಇಲ್ಲ.

ದೊಡ್ಡ ಜಗಳ ಆದದ್ದು 1926ರ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಓದಿದ ವಾರ. ಅಕ್ಕ ಪುಸ್ತಕವನ್ನು ಬೆಂಚಿನ ಮೇಲೆ ಕುಕ್ಕಿ, "ಇದು ಕೊನೆಯಲ್ಲ, ಮೋಸ. ಓದುವವರ ಕಣ್ಣಿಗೆ ಮಣ್ಣೆರಚಿದ್ದಾರೆ" ಎಂದರು. ಆ ಕಾಲದ ಇಂಗ್ಲೆಂಡಿನ ಎಷ್ಟೋ ಓದುಗರೂ ಅದನ್ನೇ ಹೇಳಿದ್ದರು. ಕೊಲೆಗಾರ ಯಾರು ಎಂದು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಆ ಹುಡುಗಿ ನಿಲಯದ ಗೇಟಿನಲ್ಲೇ ನನ್ನನ್ನು ಹಿಡಿಯುತ್ತಾಳೆ. ಆದರೆ ಆ ದಿನ ಅವಳು ಮಾಡಿದ ಕೆಲಸ ಹೇಳುತ್ತೇನೆ. ಮಾತಿಲ್ಲದೆ ಪುಸ್ತಕ ತೆಗೆದುಕೊಂಡಳು, ಮೊದಲ ಭಾಗಕ್ಕೆ ಹೋದಳು, ಕೊಲೆಯಾದ ರಾತ್ರಿಯ ಒಂದು ಪ್ಯಾರಾ ಓದಿದಳು. ಅದರಲ್ಲಿ ಎರಡು ಸಮಯ ಬರೆದಿದೆ. ಎರಡರ ನಡುವೆ ಹತ್ತು ನಿಮಿಷ. "ಅಕ್ಕ, ಈ ಹತ್ತು ನಿಮಿಷ ಏನಾಯಿತು?" ಎಂದಳು. ಅಕ್ಕ ಕನ್ನಡಕ ಹಾಕಿಕೊಂಡರು. ಓದಿದರು. ಮತ್ತೆ ಓದಿದರು. ಆಮೇಲೆ ಅವರು ಹೇಳಿದ್ದು ಇಷ್ಟೇ: "ಇಲ್ಲೇ ಇತ್ತಲ್ಲ!"

ಇಲ್ಲೇ ಇತ್ತು. ಮೊದಲಿನಿಂದಲೂ ಇಲ್ಲೇ ಇತ್ತು. ಕ್ರಿಸ್ಟಿ ಒಂದಕ್ಷರ ಸುಳ್ಳು ಬರೆದಿರಲಿಲ್ಲ, ನಾವು ಓಡಿಕೊಂಡು ಓದಿದ್ದೆವು.

ಈ ಮಾತಿಗೆ ನನ್ನದೇ ಅನುಭವ ಒಂದಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. 1987ರ ಮಳೆಗಾಲ. ಅಂಗಡಿಗೆ ಒಂದು ಹೊಸ ಪತ್ತೇದಾರಿ ಕಾದಂಬರಿ ಬಂತು. ಹೆಸರು ಬೇಡ, ಬರೆದವರ ಹೆಸರೂ ಬೇಡ. ದಿನಕ್ಕೆ ಐವತ್ತು ಪೈಸೆ ಬಾಡಿಗೆ. ಮೊದಲು ತೆಗೆದುಕೊಂಡು ಹೋದವರು ರಾತ್ರಿ ಪಾಳಿಯ ನರ್ಸಮ್ಮ. ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಛತ್ರಿ ಹಿಡಿದು ನಿಂತಿದ್ದರು. "ಇದೇನು ಸ್ವಾಮಿ, ಕೊನೆಯೇ ಇಲ್ಲ!" ತೆಗೆದು ನೋಡಿದೆ. 192ನೇ ಪುಟ, ಆಮೇಲೆ ನೇರ ರಟ್ಟು. ಬೈಂಡ್ ಮಾಡುವಾಗ ಕೊನೆಯ ಫಾರಂ ಬಿಟ್ಟುಹೋಗಿತ್ತು, ಅಂದರೆ ಹದಿನಾರು ಪುಟ ಇಲ್ಲ. ಕೊನೆಯ ಸಾಲು ಹೀಗಿತ್ತು: "ಇನ್‌ಸ್ಪೆಕ್ಟರ್ ಬಾಗಿಲು ತಳ್ಳಿ ಟಾರ್ಚ್ ಹಾಕಿದರು. ಮೂಲೆಯಲ್ಲಿ ನಿಂತಿದ್ದವನು". ಅಷ್ಟೇ. ಚುಕ್ಕಿಯೂ ಇಲ್ಲ.

ಪುಸ್ತಕವನ್ನು ಪಕ್ಕಕ್ಕೆ ಇಡಬೇಕಾಗಿತ್ತು. ಆದರೆ ನರ್ಸಮ್ಮ ಅಲ್ಲೇ ನಿಂತು ಇಡೀ ಕಥೆ ಹೇಳಿದ್ದರಿಂದ, ಅದನ್ನು ಕೇಳಿಸಿಕೊಂಡ ತಾಲ್ಲೂಕು ಕಚೇರಿಯ ಗುಮಾಸ್ತರು ನನಗೆ ಬೇಕು ಎಂದರು. ಅವರ ನಂತರ ಇನ್ನೊಬ್ಬರು. ಹದಿನೈದು ದಿನದಲ್ಲಿ ಊರಿನಲ್ಲಿ ಕೊನೆಯಿಲ್ಲದ ಪುಸ್ತಕ ಎಂದು ಹೆಸರಾಯಿತು. ಅಂಗಡಿಯ ಕಟ್ಟೆಯ ಮೇಲೆ ಪ್ರತಿ ಸಂಜೆ ವಾದ. ಕೊನೆಗೆ ನಾನೇ ಒಂದು ಲೆಕ್ಕದ ಪುಸ್ತಕವನ್ನು ದಾರ ಕಟ್ಟಿ ತೂಗುಹಾಕಿ, ಕೊಲೆಗಾರ ಯಾರು ಎಂದು ಬರೆಯಿರಿ ಎಂದೆ. ನಲವತ್ತಮೂರು ಜನ ಬರೆದರು.

ಕಥೆ ಸರಳ. ನಿವೃತ್ತ ಜಡ್ಜ್ ಒಬ್ಬರು ಮಳೆಯ ರಾತ್ರಿ ತಮ್ಮ ಕೋಣೆಯಲ್ಲಿ ಕೊಲೆಯಾಗಿದ್ದಾರೆ. ಮನೆಯಲ್ಲಿದ್ದವರು ನಾಲ್ವರು: ಡಾಕ್ಟರು, ಅಡುಗೆಯವನು, ಸಾಲ ಮಾಡಿಕೊಂಡ ತಮ್ಮ, ಮತ್ತು ಎಲ್ಲರಿಗೂ ಬೇಕಾದ, ನಗುಮುಖದ ಸೋದರಳಿಯ. ನಲವತ್ತಮೂರರಲ್ಲಿ ಇಪ್ಪತ್ತಾರು ಜನ ಡಾಕ್ಟರು ಎಂದು ಬರೆದಿದ್ದರು. ಕಾರಣ ಕೇಳಿದರೆ, ಡಾಕ್ಟರ ಹತ್ತಿರ ವಿಷ ಇರುತ್ತದೆ. ಜಡ್ಜ್ ಸತ್ತದ್ದು ಕತ್ತು ಹಿಸುಕಿ ಎಂಬುದು ಅವರಿಗೆ ಮರೆತೇ ಹೋಗಿತ್ತು! ಉಳಿದವರು ಅಡುಗೆಯವನು, ತಮ್ಮ ಎಂದು ಹಂಚಿಕೊಂಡಿದ್ದರು. ನರ್ಸಮ್ಮನಂತೂ ಆತ್ಮಹತ್ಯೆ ಎಂದರು. ತನ್ನ ಕತ್ತನ್ನು ತಾನೇ ಹೇಗೆ ಹಿಸುಕಿಕೊಳ್ಳುತ್ತಾರೆ ಎಂದು ಕೇಳಿದ್ದಕ್ಕೆ ಎರಡು ವಾರ ಅಂಗಡಿಗೆ ಬರಲಿಲ್ಲ.

ಒಬ್ಬರು ಮಾತ್ರ ಬೇರೆ ಬರೆದಿದ್ದರು. ಅವರು ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ರೈಟರು. ಪಟ್ಟಣದ ಕೇಳುಗರಿಗೆ ಹೇಳಿಬಿಡುತ್ತೇನೆ, ತೋಟದಲ್ಲಿ ರೈಟರು ಎಂದರೆ ಸಾಹಿತಿ ಅಲ್ಲ, ಆಳುಗಳ ಲೆಕ್ಕ ಬರೆಯುವವರು. ಹದಿನೈದು ದಿನಕ್ಕೊಮ್ಮೆ ಸಾಮಾನು ಕೊಳ್ಳಲು ಜೀಪಿನಲ್ಲಿ ಹಾಸನಕ್ಕೆ ಬರುತ್ತಿದ್ದರು, ಆರು ಪುಸ್ತಕ ಒಯ್ಯುತ್ತಿದ್ದರು. ಮಳೆಗೆ ಹಾಳಾಗದಂತೆ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತರುತ್ತಿದ್ದ ಏಕೈಕ ಗಿರಾಕಿ. ಅವರು ಬರೆದ ಸಾಲು ಆಳುಗಳ ಹಾಜರಿಯಷ್ಟೇ ಚೊಕ್ಕ: "ಸೋದರಳಿಯ. ಪುಟ 3, ಪುಟ 7, ಪುಟ 41."

ಅವರು ಹೋದ ಮೇಲೆ ನಾವೆಲ್ಲ ಪುಸ್ತಕದ ಮೇಲೆ ಮುಗಿಬಿದ್ದೆವು. ಮೂರನೇ ಪುಟದಲ್ಲಿ ಜಡ್ಜರ ಕೋಣೆಯ ವರ್ಣನೆ: ದೊಡ್ಡ ಮರದ ಪೆಟ್ಟಿಗೆಯ ರೇಡಿಯೊ, ಅದರ ವೈರು ಗೋಡೆಯ ಪ್ಲಗ್ಗಿಗೆ. ಏಳನೇ ಪುಟದಲ್ಲಿ ಮಳೆ ಜೋರಾಗಿ ಸಂಜೆಯೇ ಕರೆಂಟು ಹೋಗುತ್ತದೆ, ಅಡುಗೆಯವನು ಲಾಟೀನು ಹಚ್ಚುತ್ತಾನೆ. ಕರೆಂಟು ಮರುದಿನ ಮಧ್ಯಾಹ್ನದವರೆಗೆ ಬರಲೇ ಇಲ್ಲ. ನಲವತ್ತೊಂದನೇ ಪುಟದಲ್ಲಿ ಪೊಲೀಸರ ಮುಂದೆ ಸೋದರಳಿಯನ ಹೇಳಿಕೆ: "ಮಾವ ಆಗ ಬದುಕಿಯೇ ಇದ್ದರು, ಕೋಣೆಯಿಂದ ರಾತ್ರಿ ಒಂಬತ್ತರ ಇಂಗ್ಲಿಷ್ ವಾರ್ತೆ ಕೇಳಿಸುತ್ತಿತ್ತು."

ಕರೆಂಟಿಲ್ಲದ ರೇಡಿಯೊದಲ್ಲಿ ಯಾವ ವಾರ್ತೆ ಸ್ವಾಮಿ?

ನಲವತ್ತೆರಡು ಜನರ ಕಣ್ಣ ಮುಂದೆಯೇ ಅದು ಹಾದುಹೋಗಿತ್ತು. ನಾನೂ ಆ ನಲವತ್ತೆರಡರಲ್ಲಿ ಒಬ್ಬ. ಮುಂದಿನ ಸಲ ರೈಟರು ಬಂದಾಗ ಹೇಗೆ ಹೊಳೆಯಿತು ಎಂದು ಕೇಳಿದೆ. "ನಮ್ಮ ತೋಟದಲ್ಲಿ ಆಷಾಢದಲ್ಲಿ ಕರೆಂಟು ಹೋದರೆ ನಾಲ್ಕು ದಿನ ಬರುವುದಿಲ್ಲ. ನಾನು ಟ್ರಾನ್ಸಿಸ್ಟರಿಗೆ ಶೆಲ್ ಹಾಕಿಕೊಂಡು ವಾರ್ತೆ ಕೇಳುವವನು. ಏಳನೇ ಪುಟದಲ್ಲಿ ಲಾಟೀನು ಹಚ್ಚಿದ ಕೂಡಲೇ ಇವತ್ತು ಜಡ್ಜರಿಗೆ ವಾರ್ತೆ ಇಲ್ಲವಲ್ಲ, ಪಾಪ, ಎಂದುಕೊಂಡೆ" ಎಂದರು. ಪತ್ತೇದಾರಿಕೆಗೆ ಬೇಕಾದದ್ದು ಅಷ್ಟೇ. ಸತ್ತವರ ಬಗ್ಗೆ ಸ್ವಲ್ಪ ಕರುಣೆ, ಏಳನೇ ಪುಟದ ಬಗ್ಗೆ ಸ್ವಲ್ಪ ಗಮನ.

ಕಥೆ ಇನ್ನೂ ಮುಗಿದಿಲ್ಲ. ನಾಲ್ಕು ತಿಂಗಳ ಮೇಲೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಯಲ್ಲಿ ಅದೇ ಕಾದಂಬರಿಯ ಪೂರ್ತಿ ಪ್ರತಿ ಸಿಕ್ಕಿತು. ಬಸ್ಸಿನಲ್ಲಿ ತೆಗೆದು ನೋಡಲು ಕೈ ತುರಿಸಿದರೂ ರೈಟರು ಬರುವ ದಿನದವರೆಗೆ ಕಾದೆ. ಕಟ್ಟೆ ತುಂಬ ಜನ. ಗುಮಾಸ್ತರು ಗಟ್ಟಿಯಾಗಿ ಓದಿದರು. ಮೂಲೆಯಲ್ಲಿ ನಿಂತಿದ್ದವನು ಸೋದರಳಿಯನೇ! ಎಲ್ಲರೂ ಚಪ್ಪಾಳೆ ತಟ್ಟಿದರು, ನರ್ಸಮ್ಮ ಕೂಡ. ಆದರೆ ಓದು ಮುಂದುವರಿದಂತೆ ರೈಟರ ಮುಖ ಸಪ್ಪಗಾಯಿತು. ಏಕೆಂದರೆ ಇನ್‌ಸ್ಪೆಕ್ಟರು ಅವನನ್ನು ಹಿಡಿದದ್ದು ರೇಡಿಯೊದಿಂದಲ್ಲ. ಮಂಚದ ಕೆಳಗೆ ಸಿಕ್ಕ ಒಂದು ಅಂಗಿಯ ಗುಂಡಿಯಿಂದ. ಆ ಗುಂಡಿ 192 ಪುಟಗಳಲ್ಲಿ ಎಲ್ಲೂ ಬಂದಿರಲಿಲ್ಲ. ರೇಡಿಯೊ ವಿಷಯ ಲೇಖಕರಿಗೇ ಮರೆತುಹೋಗಿತ್ತೋ, ಅವರು ಅದನ್ನು ಸುಳಿವು ಎಂದು ಬರೆದೇ ಇರಲಿಲ್ಲವೋ, ದೇವರಿಗೇ ಗೊತ್ತು. ರೈಟರು ಎದ್ದು ಪುಸ್ತಕಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಳ್ಳುತ್ತಾ, "ಹರಿದದ್ದೇ ಚೆನ್ನಾಗಿತ್ತು" ಎಂದು ಹೊರಟುಹೋದರು.

ನೋಡಿ, ಕೊನೆ ಕೆಡುವುದು ಎಂದರೆ ಇದು. ಕೊಲೆಗಾರ ಸರಿಯಾಗಿಯೇ ಇದ್ದಾನೆ, ಆದರೆ ಅವನನ್ನು ಹಿಡಿದುಕೊಟ್ಟ ಗುಂಡಿ ಮೊದಲ ಅಧ್ಯಾಯದಲ್ಲಿಲ್ಲ. ಕೊನೆ ಮೊದಲ ಅಧ್ಯಾಯದಲ್ಲಿರಬೇಕು.

ಗಡಿಯಾರ ನೋಡಿದರೆ ಹತ್ತು ನಿಮಿಷ ಈ ಒಂದೇ ಕಥೆಗೆ ಹೋಗಿದೆ. ಹಾಳೆಯಲ್ಲಿ ಇನ್ನೂ ನಾಲ್ಕು ವಿಷಯ ಇವೆ, ಬೇಗ ಬೇಗ ಹೇಳುತ್ತೇನೆ.

ಷರ್ಲಾಕ್ ಹೋಮ್ಸ್. 1893ರಲ್ಲಿ ಕಾನನ್ ಡಾಯ್ಲ್ ಅವನನ್ನು ಜಲಪಾತಕ್ಕೆ ಕೆಡವಿದಾಗ ಓದುಗರು ರೇಗಿದರು. ಪ್ರೀತಿಯಿಂದ ರೇಗಿದರು ಎಂದು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು, ನ್ಯಾಯವಾಗಿಯೇ ರೇಗಿದರು. ಅವನನ್ನು ಬಲಿ ತೆಗೆದುಕೊಂಡ ಮೊರಿಯಾರ್ಟಿ ಎಂಬ ಮಹಾಖಳನ ಹೆಸರು ಅದಕ್ಕೆ ಮೊದಲು ಬಂದ ಎರಡು ಕಾದಂಬರಿ, ಇಪ್ಪತ್ತಮೂರು ಕಥೆಗಳಲ್ಲಿ ಒಮ್ಮೆಯೂ ಇಲ್ಲ. ಅವನೂ ಮಂಚದ ಕೆಳಗಿನ ಗುಂಡಿಯೇ. 1903ರಲ್ಲಿ ಡಾಯ್ಲ್ ಹೋಮ್ಸನನ್ನು ಬದುಕಿಸಿ ಕರೆತರಬೇಕಾಯಿತು.

ಕ್ರಿಸ್ಟಿ ಹಾಗೆ ಮಾಡಲಿಲ್ಲ. ತಮ್ಮ ಪತ್ತೇದಾರ ಪಾರೊನ ಕೊನೆಯ ಕಥೆ 'ಕರ್ಟನ್' ಅನ್ನು ಎರಡನೇ ಮಹಾಯುದ್ಧದ ಕಾಲದಲ್ಲೇ ಬರೆದು ಬೀಗದೊಳಗೆ ಇಟ್ಟಿದ್ದರು. ಅದು ಹೊರಬಂದದ್ದು 1975ರಲ್ಲಿ. ಆ ವರ್ಷ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಪಾರೊನ ನಿಧನವಾರ್ತೆಯನ್ನು ಮುಖಪುಟದಲ್ಲಿ ಹಾಕಿತು, ಹುಟ್ಟದೇ ಇದ್ದ ಮನುಷ್ಯನಿಗೆ! ಆ ಕೊನೆಯ ಕಥೆ ನಡೆಯುವುದು ಎಲ್ಲಿ? ಅವನ ಮೊದಲ ಕಾದಂಬರಿಯ ಅದೇ ಸ್ಟೈಲ್ಸ್ ಬಂಗಲೆಯಲ್ಲಿ. ಲೇಖಕಿಯೇ ಮೊದಲ ಪುಟಕ್ಕೆ ಹಿಂತಿರುಗಿದ್ದಾರೆ, ನಿಮಗೇನು ಕಷ್ಟ?

ನಮ್ಮ ಕನ್ನಡದಲ್ಲಿ ಡಾ. ಕೆ.ಎನ್. ಗಣೇಶಯ್ಯನವರ 'ಕನಕ ಮುಸುಕು' ಕಾದಂಬರಿ ಇದೆ. ಅದರ ಒಗಟು ಇದು. ಹೊಯ್ಸಳ ಗುಡಿಗಳ ಕೆಲವು ಶಿಲ್ಪಗಳ ಕೈಯಲ್ಲಿ ಜೋಳದ ತೆನೆಯಂತಹ ವಸ್ತು ಇದೆ. ಮುಸುಕಿನ ಜೋಳವೋ ಅಮೆರಿಕದ ಬೆಳೆ. ಕೊಲಂಬಸ್ ಅಲ್ಲಿಗೆ ಹೋದದ್ದು 1492ರಲ್ಲಿ, ಸೋಮನಾಥಪುರದ ಹೊಯ್ಸಳ ಗುಡಿ ಹದಿಮೂರನೇ ಶತಮಾನದ್ದು. ಅದು ಜೋಳವೇ ಅಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ, ಆ ತಕರಾರು ನಮಗೆ ಇಂದು ಬೇಡ. ಪುಸ್ತಕ ತೆರೆಯುವ ಮೊದಲೇ ಒಗಟಿನ ತುದಿ ಹೆಸರಿನಲ್ಲೇ ಇದೆ: ಮುಸುಕು. ಹೊಲದಲ್ಲಿ ಜೋಳ ಬೆಳೆಯುವ ನಮ್ಮ ಜಿಲ್ಲೆಯವರಿಗೇ ಅದು ಹೊಳೆಯದಿದ್ದರೆ ಇನ್ನು ಯಾರಿಗೆ ಹೊಳೆಯಬೇಕು?

ಪಕ್ಕದ ಮೂಡಿಗೆರೆಯ ತೇಜಸ್ವಿಯವರ 'ಚಿದಂಬರ ರಹಸ್ಯ'ದ ಕೊನೆಯ ಬಗ್ಗೆ ಚಿಕ್ಕಮಗಳೂರಿನ ಗೆಳೆಯರು ನನ್ನೊಡನೆ ವರ್ಷಗಟ್ಟಲೆ ವಾದ ಮಾಡಿದ್ದಾರೆ. ಏಲಕ್ಕಿ ಬೆಳೆ ಏಕೆ ಕುಸಿಯಿತು ಎಂಬ ತನಿಖೆಯಿಂದ ಹೊರಟ ಕಥೆ ಎಲ್ಲಿಗೋ ಹೋಯಿತು ಎಂಬುದು ಅವರ ದೂರು. ಅವರಿಗೂ ಅದೇ ಉತ್ತರ, ಮೊದಲ ಅಧ್ಯಾಯ ಓದಿ. ವಿವರಿಸಲು ಸಮಯವಿಲ್ಲ. ಓದಿ, ಅಷ್ಟೇ.

ಕೊನೆಯ ಪುಟವನ್ನು ಮೊದಲು ಓದುವವರ ಬಗ್ಗೆ ಒಂದು ಪ್ಯಾರಾ ಬರೆದುಕೊಂಡಿದ್ದೆ. ಸ್ವಲ್ಪ ಬಿರುಸಾಗಿತ್ತು, ನಿಲಯದವರು ಓದಿ ನಕ್ಕು ತೆಗೆಯಿರಿ ಎಂದರು. ತೆಗೆದಿದ್ದೇನೆ.

ಆ 192 ಪುಟದ ಹರಿದ ಪ್ರತಿ ಈಗಲೂ ನನ್ನ ಹತ್ತಿರ ಇದೆ, ದಾರ ಕಟ್ಟಿದ ಲೆಕ್ಕದ ಪುಸ್ತಕದ ಸಮೇತ. ಪೂರ್ತಿ ಪ್ರತಿಯನ್ನು ಯಾರೋ ಒಯ್ದವರು ಹಿಂತಿರುಗಿಸಲಿಲ್ಲ, ನಾನೂ ಕೇಳಲು ಹೋಗಲಿಲ್ಲ. ಬೇಕಾದವರು ಭಾನುವಾರ ಬೆಳಿಗ್ಗೆ ಪಾರ್ಕಿಗೆ ಬನ್ನಿ, ಓದಲು ಕೊಡುತ್ತೇನೆ. ಆದರೆ ಮೂರು ಪುಟದ ಸಂಖ್ಯೆಗಳನ್ನು ಇಂದು ನಾನೇ ಬಾಯಿಬಿಟ್ಟು ಹೇಳಿಬಿಟ್ಟೆನಲ್ಲ! ರೈಟರು ಎಲ್ಲಾದರೂ ಕೇಳುತ್ತಿದ್ದರೆ ಕ್ಷಮಿಸಬೇಕು. ನಮಸ್ಕಾರ.