ಒಂದು ಗಂಟೆಯ ಕುದಿ, ಎಷ್ಟು ಲೀಟರ್ ಆವಿ?

ಕೇಳುಗರೆಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಡೆನ್ವರ್ ನಗರದಲ್ಲಿ. ರಜೆಯ ದಿನ ಹಿತ್ತಿಲಿನಲ್ಲಿ ಗ್ಯಾಸ್ ಒಲೆ ಹಚ್ಚಿ ಬಿಯರ್ ತಯಾರಿಸುವುದು ನನ್ನ ಹವ್ಯಾಸ. ಸ್ವಂತ ಬಳಕೆಗೆ ಹೀಗೆ ಮಾಡಿಕೊಳ್ಳುವವರಿಗೆ ಇಲ್ಲಿನ ಕೇಂದ್ರ ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟದ್ದು 1978ರಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಮೂಲಕ. ಈ ಕೆಲಸದಲ್ಲಿ ನನ್ನನ್ನು ಬಹಳ ಕಾಡಿದ ಒಂದು ಲೆಕ್ಕವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ನುಚ್ಚು ಮಾಡಿ, ಬಿಸಿನೀರಿನಲ್ಲಿ ನೆನೆಸಿ, ಸೋಸಿದರೆ ಸಿಹಿ ರಸ ಇಳಿಯುತ್ತದೆ. ಇದೇ ವರ್ಟ್. ಇದನ್ನು ಹಾಪ್ಸ್ ಹೂಗಳೊಂದಿಗೆ ಸಾಮಾನ್ಯವಾಗಿ ಒಂದು ಗಂಟೆ ಕುದಿಸಬೇಕು. ಹೂವಿನ ಕಹಿ ರಸಕ್ಕೆ ಇಳಿಯುವುದು ಆಗಲೇ. ಬೇಯಿಸಿದ ಮೆಕ್ಕೆಜೋಳದಂತೆ ನಾರುವ ಒಂದು ಗಂಧಕದ ಸಂಯುಕ್ತವೂ ಆವಿಯ ಜೊತೆ ಹೊರಟುಹೋಗಬೇಕು. ಹಾಗಾಗಿ ಪಾತ್ರೆಯ ಬಾಯಿ ಮುಚ್ಚುವಂತಿಲ್ಲ, ಮುಚ್ಚದಿದ್ದರೆ ನೀರು ಬತ್ತುತ್ತದೆ.

ನಮ್ಮ ಅಜ್ಜಿ ಕಷಾಯ ಮಾಡುವಾಗ ನಾಲ್ಕು ಲೋಟ ನೀರಿಟ್ಟು, ಅದು ಒಂದು ಲೋಟಕ್ಕೆ ಬತ್ತಿದಾಗ ಇಳಿಸುತ್ತಿದ್ದರು. ಗಡಿಯಾರ ನೋಡುತ್ತಿರಲಿಲ್ಲ. ಅಲ್ಲಿ ಉಳಿಯಬೇಕಾದದ್ದು ನಿಶ್ಚಿತ, ಹೊತ್ತು ಎಷ್ಟಾದರೂ ಆಗಲಿ. ಬಿಯರಿನಲ್ಲಿ ಅದು ತಿರುವುಮುರುವು. ಹೊತ್ತು ಹೆಚ್ಚಾದರೆ ಕಹಿಯೂ ಹೆಚ್ಚುವುದರಿಂದ ಗಂಟೆಯೇ ನಿಶ್ಚಿತ. ಎಷ್ಟು ಬತ್ತುತ್ತದೆ ಎಂಬುದನ್ನು ಒಲೆ ಹಚ್ಚುವ ಮೊದಲೇ ತಿಳಿದಿರಬೇಕು.

ಗಂಟೆಗೆ ಶೇಕಡಾ 10ರಷ್ಟು ಎಂದು ಯಾರೋ ಹೇಳಿದ್ದನ್ನು ನಂಬಿ ಮೊದಲ ಸಲ 27 ಲೀಟರ್ ಕುದಿಸಿದೆ. 24ಕ್ಕಿಂತ ತುಸು ಹೆಚ್ಚು ಉಳಿಯಬೇಕಿತ್ತು, ಉಳಿದದ್ದು 22. ಮುಂದಿನ ಸಲ ಅದೇ ಪಾತ್ರೆ, ಅದೇ ಉರಿ, ರಸ ಮಾತ್ರ 13 ಲೀಟರ್. ಆಗಲೂ ಹೋದದ್ದು ಸುಮಾರು 5 ಲೀಟರೇ! ಶೇಕಡಾ ಲೆಕ್ಕದಲ್ಲಿ ಅದು 38 ಆಯಿತು. ಈ ಶೇಕಡಾವಾರು ಸೂತ್ರವನ್ನು ಬಿಟ್ಟುಬಿಡಿ ಎಂದು ಹೊಸಬರಿಗೆಲ್ಲ ನಾನು ಒತ್ತಾಯಿಸುವುದು ಇದಕ್ಕೇ.

ಬತ್ತಿಸುವುದು ಉರಿ. ಕುದಿಯುವ ನೀರಿಗೆ ಸೇರಿದ ಒಂದು ಕಿಲೋವ್ಯಾಟ್ ಗಂಟೆಯಷ್ಟು ಶಾಖ ಸುಮಾರು 1.6 ಲೀಟರನ್ನು ಆವಿ ಮಾಡುತ್ತದೆ. ಪಾತ್ರೆಯಲ್ಲಿ ಒಟ್ಟು ಎಷ್ಟಿದೆ ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಡೆನ್ವರ್ ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿದ್ದು, ನೀರು 95 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅದರಿಂದ ಹೆಚ್ಚು ಬತ್ತುತ್ತದೆ ಎಂದು ಹಲವರು ಭಾವಿಸುತ್ತಾರೆ. ಹಾಗೇನಿಲ್ಲ, ಕುದಿ ಹತ್ತಿದ ಮೇಲೆ ಉರಿಯದೇ ಅಧಿಕಾರ. ಗಾಳಿ ಬೀಸಿ ಜ್ವಾಲೆ ಪಕ್ಕಕ್ಕೆ ಸರಿದ ದಿನ ಬತ್ತುವುದು ಕಡಿಮೆಯಾದದ್ದನ್ನು ನಾನೇ ಅಳೆದು ನೋಡಿದ್ದೇನೆ.

ಅಳೆಯುವುದು ಸುಲಭ. ಒಂದು ಉದ್ದನೆಯ ಮರದ ಸೌಟು ತೆಗೆದುಕೊಳ್ಳಿ. ಪಾತ್ರೆಗೆ ಲೀಟರ್ ಲೀಟರಾಗಿ ನೀರು ಸುರಿಯುತ್ತ, ನೀರು ಮುಟ್ಟಿದಲ್ಲೆಲ್ಲ ಹಿಡಿಯ ಮೇಲೆ ಚಾಕುವಿನಿಂದ ಗೀರು ಹಾಕಿ. ಬರಿಯ ನೀರನ್ನೇ ಒಂದು ಗಂಟೆ ಕುದಿಸಿ. ನೀರು ಕೊತಕೊತನೆ ಕುದಿಯಲು ಶುರುವಾದಾಗ ಮತ್ತು ಗಂಟೆ ಮುಗಿದಾಗ, ಎರಡು ಸಲ, ಉರಿ ಆರಿಸಿ, ಮೇಲ್ಮೈ ನೆಟ್ಟಗಾದ ಮೇಲೆ ಸೌಟನ್ನು ತಳ ಮುಟ್ಟುವಂತೆ ನೇರವಾಗಿ ಇಳಿಸಿ. ಹಿಡಿಯ ಮೇಲಿನ ಒದ್ದೆ ಗುರುತು ಆರುವ ಮೊದಲು ಗೀರು ಎಣಿಸಿ. ಅಂತರವೇ ನಿಮ್ಮ ಒಲೆಯ ಲೆಕ್ಕ.

ಇಲ್ಲೊಂದು ಎಚ್ಚರ ಬೇಕು. ಕುದಿಯುವ ರಸ ತಣ್ಣಗಾದಾಗ ಶೇಕಡಾ 4ರಷ್ಟು ಕುಗ್ಗುತ್ತದೆ. ಬಿಸಿಯಾಗಿ 24 ಲೀಟರ್ ಕಂಡದ್ದು ತಣಿದಾಗ 23. ಅದು ಆವಿಯಲ್ಲ.

ಇನ್ನೊಂದು ದಾರಿ ನನಗೆ ಬಹಳ ಇಷ್ಟ. ನೀರು ಹೋದರೂ ಸಕ್ಕರೆ ಹೋಗುವುದಿಲ್ಲ. ಕುದಿಸುವ ಮೊದಲು, ತಣ್ಣಗಿನ ಲೆಕ್ಕದಲ್ಲಿ, 27 ಲೀಟರ್ ರಸಕ್ಕೆ ಹೈಡ್ರೋಮೀಟರ್, ಅಂದರೆ ದ್ರವದ ಸಾಂದ್ರತೆ ಅಳೆಯುವ ಸಾಧನ, 1.040 ತೋರಿಸಿದರೆ, ಬರಿಯ ನೀರಿನ 1.000ಕ್ಕಿಂತ ಹೆಚ್ಚಿರುವ 40ರಿಂದ 27ನ್ನು ಗುಣಿಸಿ. 1,080 ಬಂತು. ಕುದಿಸಿ ತಣಿಸಿದ ಮೇಲೆ 1.050 ಕಂಡರೆ 1,080ನ್ನು 50ರಿಂದ ಭಾಗಿಸಿ. ಉಳಿದಿರುವುದು 21.6 ಲೀಟರ್. 23 ಬೇಕಿದ್ದರೆ, ಕುದಿಸಿ ಆರಿಸಿದ ನೀರು 1.4 ಲೀಟರ್ ಸೇರಿಸಿದರೆ ಸಾಕು.

ಪಾತ್ರೆ ಕೊಳ್ಳುವವರು ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಿ. ತಿಳಿಬಣ್ಣದ ಪಿಲ್ಸ್ನರ್ ಮಾಲ್ಟ್ ಬಳಸಿದರೆ ಆ ಜೋಳದ ವಾಸನೆ ಹೋಗಲೆಂದು ನಾನು 90 ನಿಮಿಷ ಕುದಿಸುತ್ತೇನೆ. ಗಂಟೆಗೆ 5 ಲೀಟರಿನಂತೆ ಏಳೂವರೆ ಲೀಟರ್ ಆವಿ, ಬಿಸಿಯಾಗಿ ಉಳಿಯಬೇಕಾದ 24 ಲೀಟರ್ ಸೇರಿ ಮೂವತ್ತೊಂದೂವರೆ. ಮೇಲೆ ನೊರೆ ಉಕ್ಕಲು ಜಾಗ ಬೇರೆ. ನನ್ನ ಹಳೆಯ 30 ಲೀಟರಿನ ಪಾತ್ರೆ ಈಗ ಬಿಸಿನೀರು ಕಾಯಿಸಲು ಮಾತ್ರ. ರಸ ಕುದಿಸುವುದಕ್ಕೆ 38 ಲೀಟರಿನದು ತಂದಿದ್ದೇನೆ. ನಮಸ್ಕಾರ.